ತಕ್ಕಡಿ ಕಳೆದುಕೊಂಡ ಸಮೀಕರಣ

ವಿಜಯನಗರದ ಮಾರೇನಹಳ್ಳಿಯಲ್ಲಿ ನಾನಿರುವ ಬಾಡಿಗೆ ಮನೆಯ ಕೆಳಗಿನ ಹುಡುಗಿ ಈಗ ಹತ್ತನೇ ತರಗತಿ. ಮೊನ್ನೆ ವಿಜ್ಞಾನದ ನೋಟ್ಸ್ ಹಿಡಿದು ಬಂದಳು. ಪಠ್ಯದ ಮೊದಲ ಅಧ್ಯಾಯವೇ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’. ನೋಡನೋಡುತ್ತಿದ್ದಂತೆ ಹತ್ತು ಸಮೀಕರಣ ಸರಿದೂಗಿಸಿಬಿಟ್ಟಳು. ಒಂದೂ ತಪ್ಪಿರಲಿಲ್ಲ. “ನೀರಿನ ಸೂತ್ರದ ಎಡಗಡೆ 2 ಹಾಕಿದೆಯಲ್ಲ, ಅದರ ಬದಲು ಎಚ್‌ಟೂಓದಲ್ಲಿ ಓ ಕೆಳಗೆ 2 ಬರೆದರೆ ಏನಾಗುತ್ತೆ?” ಎಂದು ಕೇಳಿದೆ. “ಹಾಗೆ ಬರೀಬಾರದು ಅಕ್ಕಾ, ಮಾರ್ಕ್ಸ್ ಕಟ್ ಮಾಡ್ತಾರೆ.”

ಈ ಉತ್ತರದ ಮೇಲೆಯೇ ನನ್ನ ಜಗಳ.

ಓ ಕೆಳಗೆ 2 ಬರೆದರೆ ಅದು ನೀರಾಗಿ ಉಳಿಯುವುದಿಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಗಾಯಕ್ಕೆ ಹಾಕಿದರೆ ನೊರೆ ಬರುತ್ತದಲ್ಲ, ಆ ಔಷಧದಲ್ಲಿರುವುದು ಅದೇ. ಎಡಗಡೆಯ ಅಂಕಿ ‘ಎಷ್ಟು’ ಎಂದು ಹೇಳುತ್ತದೆ, ಕೆಳಗಿನ ಅಂಕಿ ‘ಯಾವುದು’ ಎಂದು. ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು, ವಸ್ತುವನ್ನೇ ಬದಲಿಸುವಂತಿಲ್ಲ. ಇಷ್ಟು ಹೇಳಲು ಎರಡು ನಿಮಿಷ ಸಾಕು. ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಕಾರಣವಿದ್ದ ಜಾಗದಲ್ಲಿ ಭಯವನ್ನು ಕೂರಿಸಿದ್ದರು.

ಸಾಹಿತ್ಯದ ಓದುಗರು ಆ ಪದವನ್ನೊಮ್ಮೆ ಬಿಡಿಸಿ ನೋಡಿ: ಸರಿ, ತೂಗಿಸು. ಆದೇಶ ಸಂಧಿಯಲ್ಲಿ ತಕಾರ ದಕಾರವಾಗಿದೆ. ಪದದೊಳಗೇ ತಕ್ಕಡಿ ತೂಗುತ್ತಿದೆ. ಲವಾಸಿಯೆ ಮಾಡಿದ್ದೂ ಅದನ್ನೇ. ಕ್ರಿಯೆಗೆ ಮುಂಚೆ ತೂಗಿದ, ಆಮೇಲೆ ತೂಗಿದ. ವಸ್ತು ಹೊಸದಾಗಿ ಹುಟ್ಟುವುದೂ ಇಲ್ಲ, ಇಲ್ಲವಾಗುವುದೂ ಇಲ್ಲ ಎಂದು 1789ರ ತನ್ನ ಪುಸ್ತಕದಲ್ಲಿ ಬರೆದ. ನಾವು ತಕ್ಕಡಿಯನ್ನು ಅಟ್ಟಕ್ಕೆ ಹಾಕಿ ಎಣಿಕೆಯನ್ನಷ್ಟೇ ಉಳಿಸಿಕೊಂಡಿದ್ದೇವೆ.

ಹುಡುಗಿಯನ್ನು ಅಡುಗೆಮನೆಗೆ ಕರೆದೆ. ಸಿಲಿಂಡರಿನಲ್ಲಿ 14.2 ಕೆಜಿ ಅನಿಲ, ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಸಮೀಕರಣ ಸರಿದೂಗಿಸಿ ಲೆಕ್ಕ ಹಾಕಿದೆವು. ಅಷ್ಟೂ ಅನಿಲ ಪೂರ್ತಿ ಉರಿಯಲು ಗಾಳಿಯಿಂದ ಸುಮಾರು 51 ಕೆಜಿ ಆಕ್ಸಿಜನ್ ಬೇಕು. ಹೊರಬರುವುದು ಸುಮಾರು 43 ಕೆಜಿ ಕಾರ್ಬನ್ ಡೈಆಕ್ಸೈಡ್, 22 ಕೆಜಿ ನೀರಾವಿ. ಎರಡೂ ಕಡೆ 65. “ಹದಿನಾಲ್ಕು ಕೆಜಿ ಸುಟ್ಟರೆ ನಲವತ್ತಮೂರು ಕೆಜಿ ಹೊಗೆ ಹೇಗಕ್ಕಾ?” ಎಂದಳು. ಅವತ್ತು ಅವಳು ಕೇಳಿದ ಮೊದಲ ಪ್ರಶ್ನೆ ಅದು.

ಆ 51ರಲ್ಲಿ ಕೊರತೆ ಬಿದ್ದರೆ ಜ್ವಾಲೆ ಹಳದಿಯಾಗುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಥ ಸಾವುಗಳ ಸುದ್ದಿಯನ್ನು ಬೆಂಗಳೂರಿನವರು ಮತ್ತೆ ಮತ್ತೆ ಓದಿದ್ದೇವೆ. ಸರಿದೂಗದ ಸಮೀಕರಣಕ್ಕೆ ಅಲ್ಲಿ ಕಟ್ ಆಗುವುದು ಮಾರ್ಕ್ಸ್ ಅಲ್ಲ.

“ಪಾಠ ಮುಗಿಸಬೇಕು, ಪರೀಕ್ಷೆಗೆ ಇಷ್ಟು ಸಾಕು” ಎನ್ನುವ ಮೇಷ್ಟ್ರುಗಳ ಕಷ್ಟ ನನಗೆ ಗೊತ್ತು. ತುಂಬಿದ ತರಗತಿ, ಮುಗಿಯದ ಪಾಠಪಟ್ಟಿ. ಆದರೆ ಅದೇ ಅಧ್ಯಾಯದ ಮೊದಲ ಚಟುವಟಿಕೆ ಮೆಗ್ನೀಸಿಯಂ ಪಟ್ಟಿಯನ್ನು ಉರಿಸುವುದು. ನಾನು ಕಲಿತ ಕಡೆ ಅದನ್ನು ಉರಿಸಲಿಲ್ಲ, ಗಟ್ಟಿಯಾಗಿ ಓದಿಸಿದರು. 24 ಗ್ರಾಂ ಮೆಗ್ನೀಸಿಯಂ ಉರಿದು 40 ಗ್ರಾಂ ಬಿಳಿ ಪುಡಿಯಾಗುತ್ತದೆ ಎಂದು ತಿಳಿದಿದ್ದರೆ ‘ಸುಟ್ಟರೆ ಕಡಿಮೆಯಾಗುತ್ತದೆ’ ಎಂಬ ನನ್ನ ನಂಬಿಕೆ ಅವತ್ತೇ ಮುರಿಯುತ್ತಿತ್ತು. ಆಗ ಎಡಗಡೆ ಆಕ್ಸಿಜನ್ ಯಾಕೆ ಬರೆಯಬೇಕೆಂದು ಯಾರೂ ಬಾಯಿಪಾಠ ಮಾಡಿಸಬೇಕಿರಲಿಲ್ಲ.

ಟ್ಯೂಷನ್ನಿನ ಸುಲಭ ಸೂತ್ರಗಳು ಇರಲಿ. ಅವಕ್ಕೆ ಮುಂಚೆ ಒಂದು ಪೀರಿಯಡ್ ತಕ್ಕಡಿಗೆ ಕೊಡಿ.