ಕೂಸಿನ ಕುಂಚಿಗೆ

ನಮ್ಮ ಗುರುಗುಂಟಾ ಕಡೆಯವರಿಗೆ ಕುಂಚಿಗೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಕೂಸಿನ ತಲೆ ಮುಚ್ಚಿ ಬೆನ್ನಿನ ಮೇಲೆ ಇಳಿಯುವ ಉಡುಪು. ಗುಳೇದಗುಡ್ಡದ ಖಣದ್ದಾದರೆ ನೋಡಲು ಎರಡು ಕಣ್ಣು ಸಾಲವು!

ಚೊಚ್ಚಲ ಮಗಳಿಗೆ ನಾನೇ ಹೊಲಿದೆ. ಒಳಗೆ ಮಿರುಗಲೆಂದು ನೈಲಾನ್ ಅಸ್ತರು ಕೊಟ್ಟೆ. ರಾಯಚೂರು ಸೀಮೆಯ ಬಿಸಿಲು ಗೊತ್ತಲ್ಲ? ಸಂಜೆಗೆ ಕೂಸಿನ ಕತ್ತಿನ ತುಂಬ ಬೆವರುಸಾಲೆ. ಅತ್ತೆಯವರು ಬೈಯಲಿಲ್ಲ. ತಮ್ಮದೊಂದು ಹಳೆಯ ಹತ್ತಿ ಸೀರೆ ತಂದಿಟ್ಟು, "ಚಂದ ಮ್ಯಾಲಿರಲಿ, ಮೆತ್ತಂದು ಮೈಗೆ ಹತ್ಲಿ" ಅಂದರು. ನೈಲಾನ್ ಬಿಚ್ಚಿ ಆ ಸೀರೆಯ ಅಸ್ತರು ಹಾಕಿದೆ.

ನೀವು ಹೊಲಿಯುವಾಗ ಇಷ್ಟು ನೆನಪಿಡಿ. ಖಣದ ಒಂದು ಮೂಲೆ ನೆನೆಸಿ, ಬಣ್ಣ ಬಿಡುತ್ತದೆಯೇ ನೋಡಿ. ಅಸ್ತರಿನ ಬಟ್ಟೆ ಹೊಸದಾದರೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಿ; ಇಲ್ಲದಿದ್ದರೆ ಆಮೇಲೆ ಕುಗ್ಗಿ ಖಣವನ್ನು ಜಗ್ಗುತ್ತದೆ. ಹೊಲಿಗೆಯ ಅಂಚು ಖಣ, ಅಸ್ತರುಗಳ ನಡುವೆ ಅಡಗಿರಲಿ, ಮೈಗೆ ಒತ್ತಬಾರದು. ಮಣಿ, ಗೆಜ್ಜೆ, ಕನ್ನಡಿ ಬೇಡವೇ ಬೇಡ. ಕಿತ್ತುಬಂದರೆ ಕೂಸು ಬಾಯಿಗೇ ಹಾಕುತ್ತದೆ. ಗದ್ದದ ಕೆಳಗಿನ ಲಾಡಿ ಗಿಡ್ಡಾಗಿರಲಿ. ಮಲಗಿಸುವಾಗ ಮಾತ್ರ ಕುಂಚಿಗೆಯನ್ನು ತಪ್ಪದೆ ಬಿಚ್ಚಿಬಿಡಿ. ನಿದ್ದೆಯಲ್ಲಿ ಲಾಡಿ ಕತ್ತಿಗೆ ಬಿಗಿದೀತು, ಬಟ್ಟೆ ಮುಖಕ್ಕೆ ಸರಿದೀತು, ಮುಚ್ಚಿದ ತಲೆಗೆ ಸೆಕೆಯೂ ಹೆಚ್ಚು.

ಹೋದ ವರ್ಷ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದಾಗ ಮಗಳು ಅದೇ ಕುಂಚಿಗೆ ತೊಡಿಸಿದಳು. ಖಣ ಅಲ್ಲಲ್ಲಿ ಮಾಸಿದೆ. ಅತ್ತೆಯವರು ಈಗಿಲ್ಲ. ಅವರ ಸೀರೆ ಮಾತ್ರ ಇನ್ನೂ ಮೆತ್ತಗಿದೆ.