ಮಲೆನಾಡಿನ ನೆತ್ತಿಯ ಮೇಲಿನ ಅಯಾನುಗೋಳವನ್ನೂ ಅಳೆಯಬೇಕು

ಮುತ್ತಿನಕೊಪ್ಪದಂಥ ಊರಿನ ಅಡಿಕೆ ತೋಟಕ್ಕೆ ಹದ್ದುಬಸ್ತಿಗೆ ಬರುವ ಭೂಮಾಪಕರ ಕೈಗೆ ಸರಪಳಿಯ ಬದಲು ರೋವರ್ ಎಂಬ ಜಿಪಿಎಸ್ ಉಪಕರಣ ಬರುತ್ತಿರುವ ಕಾಲವಿದು. ಬಾಂದುಕಲ್ಲು ಎಲ್ಲಿರಬೇಕೆಂಬುದನ್ನು ಉಪಗ್ರಹಗಳ ಸಂಕೇತ ಹೇಳಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ತೋಟ, ಸೊಪ್ಪಿನಬೆಟ್ಟ, ಬಗರ್‌ಹುಕುಂ ಜಮೀನು, ಅರಣ್ಯ ಎಲ್ಲವೂ ಒಂದಕ್ಕೊಂದು ತಾಗಿಕೊಂಡಿವೆ. ನಾಲ್ಕು ಅಡಿ ಆಚೀಚೆಯಾದರೂ ತಕರಾರು ತಲೆಮಾರು ದಾಟುತ್ತದೆ. ಆ ಸಂಕೇತವಾದರೋ ನೆಲ ಮುಟ್ಟುವ ಮೊದಲು ಅಯಾನುಗೋಳವನ್ನು ಹಾದು ಬರಬೇಕು. ಸುಮಾರು 80 ಕಿ.ಮೀ. ಎತ್ತರದಿಂದ ನೂರಾರು ಕಿ.ಮೀ.ವರೆಗೆ ಹರಡಿರುವ ಈ ಪದರದಲ್ಲಿ ಸೂರ್ಯನ ನೇರಳಾತೀತ ಕಿರಣಗಳು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹಾಕಿರುತ್ತವೆ. ಅವು ಸಂಕೇತವನ್ನು ತಡವಾಗಿಸುತ್ತವೆ, ಒಮ್ಮೊಮ್ಮೆ ನಡುಗಿಸುತ್ತವೆ. ಮೊಬೈಲಿನ ಜಿಪಿಎಸ್‌ಗೆ ಇದು ಕೆಲವು ಮೀಟರುಗಳ ತಪ್ಪು. ರೋವರ್ ತನ್ನ ಆಧಾರ ಕೇಂದ್ರದೊಡನೆ ಹೋಲಿಸಿ ಈ ತಪ್ಪನ್ನು ಕಳೆದುಕೊಳ್ಳುತ್ತದೆ ನಿಜ, ಆದರೆ ಎರಡು ಕಡೆಯ ಆಕಾಶವೂ ಒಂದೇ ತೆರನಾಗಿದ್ದರೆ ಮಾತ್ರ.

ನಮ್ಮ ಆಕಾಶ ಹಾಗಿರುವುದಿಲ್ಲ ಎಂಬುದೇ ತೊಡಕು. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯನ್ನು ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿದ್ದೂ ಇದೇ ಕಾರಣಕ್ಕೆ. ಹಗಲಿನಲ್ಲಿ ಈ ರೇಖೆಯ ಮೇಲೆ ಮೇಲೇರುವ ಎಲೆಕ್ಟ್ರಾನುಗಳು ಉತ್ತರಕ್ಕೂ ದಕ್ಷಿಣಕ್ಕೂ ಇಳಿದು ರಾಶಿಯಾಗುತ್ತವೆ. ಸೂರ್ಯ ಮುಳುಗಿದ ಮೇಲೆ ಪದರದ ತಳದಿಂದ ಎಲೆಕ್ಟ್ರಾನುಗಳು ವಿರಳವಾದ ಗುಳ್ಳೆಗಳು ಎದ್ದು, ಪೂರ್ವಕ್ಕೆ ತೇಲುತ್ತಾ ಹೋಗುತ್ತವೆ. ಅಮೆರಿಕದ ಸರಳ ಮಾದರಿ ಇಲ್ಲಿಗೆ ಸಾಲದೆಂದೇ ಇಸ್ರೋ ವಿಮಾನಯಾನದ ಗಗನ್ ವ್ಯವಸ್ಥೆಗೆ ಅಯಾನುಗೋಳದ ತನ್ನದೇ ಬಹುಪದರದ ಮಾದರಿಯನ್ನು ರೂಪಿಸಬೇಕಾಯಿತು.

ಗುಳ್ಳೆಗಳನ್ನು ನೋಡುವ ಕಣ್ಣು ನಮಗೆ ಹತ್ತಿರದಲ್ಲೇ ಇದೆ. ತಿರುಪತಿ ಬಳಿಯ ಗಾದಂಕಿಯಲ್ಲಿ 1,024 ಆಂಟೆನಾಗಳ, 53 ಮೆಗಾಹರ್ಟ್ಸ್‌ನ ರಾಡಾರ್ ಇದೆ. ಭೂಪಟದಲ್ಲಿ ಗಾದಂಕಿ ಮತ್ತು ಕೊಪ್ಪ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ; ನಡುವಿನ ದೂರ ಸುಮಾರು 400 ಕಿ.ಮೀ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ತೇಲುವ ಗುಳ್ಳೆ ಮಲೆನಾಡಿನ ನೆತ್ತಿಯಿಂದ ಅಲ್ಲಿಗೆ ಮುಟ್ಟಲು ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಬೇಕು. ಆದರೆ ರಾಡಾರಿಗೆ ಕಾಣುವುದು ತನ್ನ ಮೇಲಿನ ಆಕಾಶ, ಅದರಲ್ಲೂ ಮೂರು ಮೀಟರಿನಷ್ಟು ಸಣ್ಣ ಅಲೆಗಳಿಂದ ಬರುವ ಪ್ರತಿಧ್ವನಿ. ಗುಳ್ಳೆಯೊಳಗೆ ಎಲೆಕ್ಟ್ರಾನುಗಳು ಎಷ್ಟಿವೆ ಎಂದು ಅಳೆಯಲು ಅದರೊಳಗೇ ಹಾದುಹೋಗುವ ಉಪಕರಣ ಬೇಕು. ರಾಡಾರ್ ಮತ್ತು ಪುಟ್ಟ ಉಪಗ್ರಹದ ಜೋಡಿ ಕೆಲಸ ಹೊಸದೇನಲ್ಲ. ಮಿಶಿಗನ್ ವಿಶ್ವವಿದ್ಯಾಲಯದ, ಸುಮಾರು ಮೂರು ಕಿಲೋ ತೂಕದ ರ‍್ಯಾಕ್ಸ್-2 ಉಪಗ್ರಹ 2012ರ ಮಾರ್ಚ್‌ನಲ್ಲಿ ಅಲಾಸ್ಕಾದ ರಾಡಾರ್ ಕಳಿಸಿದ ಅಲೆಗಳು ಧ್ರುವಪ್ರಭೆಯ ಪ್ರದೇಶದಲ್ಲಿ ಚದುರಿದ್ದನ್ನು ಮೇಲಿನಿಂದಲೇ ಹಿಡಿಯಿತು. ಅದೇ ಜೋಡಿಯನ್ನು ಗಾದಂಕಿಯೊಂದಿಗೆ ಕಟ್ಟಬೇಕಾದವರು ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳು ಎಂಬುದು ನನ್ನ ವಾದ.

ಯೋಗ್ಯತೆ ನಮಗಿದೆ. ಉಡುಪಿ ಜಿಲ್ಲೆಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ 1975ರಲ್ಲಿ ಹೊತ್ತೊಯ್ದ ಮೂರು ಪ್ರಯೋಗಗಳಲ್ಲಿ ಒಂದು ಮೇಲ್ವಾಯುಮಂಡಲದ್ದೇ ಆಗಿತ್ತು. ಬೆಂಗಳೂರು, ಹೈದರಾಬಾದುಗಳ ವಿದ್ಯಾರ್ಥಿಗಳು ಕಟ್ಟಿದ ಒಂದು ಕಿಲೋಗಿಂತ ಕಡಿಮೆ ತೂಕದ ಸ್ಟಡ್‌ಸ್ಯಾಟ್ 2010ರಲ್ಲೂ, ಪಿಇಎಸ್ ವಿಶ್ವವಿದ್ಯಾಲಯದ ಪಿಸ್ಯಾಟ್ 2016ರಲ್ಲೂ ಕಕ್ಷೆ ಸೇರಿದವು. ಎರಡೂ ಹೆಮ್ಮೆಯ ಕೆಲಸ. ಎರಡೂ ಒಯ್ದದ್ದು ಕ್ಯಾಮೆರಾ. ನೆಲದ ಚಿತ್ರ ತೆಗೆಯಲು ಇಸ್ರೋದ ದೊಡ್ಡ ಉಪಗ್ರಹಗಳೇ ಧಾರಾಳವಾಗಿವೆ, ಪುಟ್ಟ ಕ್ಯಾಮೆರಾ ಅವನ್ನು ಸರಿಗಟ್ಟಲಾರದು. ಅಯಾನುಗೋಳದ ಶೋಧಕಕ್ಕೆ ದೊಡ್ಡ ಮಸೂರ ಬೇಡ, ಸೂಕ್ಷ್ಮವಾಗಿ ಗುರಿ ಹಿಡಿಯುವ ಹಂಗೂ ಕಡಿಮೆ. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಕಟ್ಟಿದ 8.1 ಕಿಲೋದ ಇನ್‌ಸ್ಪೈರ್‌ಸ್ಯಾಟ್-1, 2022ರ ಫೆಬ್ರುವರಿ 14ರಂದು ಇಂಥದೊಂದು ಶೋಧಕವನ್ನು ಒಯ್ದಿದೆ.

ವಿದ್ಯಾರ್ಥಿಗಳ ಉಪಗ್ರಹ ಬೇಗ ಕೆಡುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ರ‍್ಯಾಕ್ಸ್-1 ಸೌರಫಲಕದ ದೋಷದಿಂದ ಎರಡು ತಿಂಗಳಲ್ಲೇ ನಿಂತಿತು. ಆದರೆ ವರ್ಷದೊಳಗೆ ತಿದ್ದಿದ ರ‍್ಯಾಕ್ಸ್-2 ಮೇಲೇರಿತು. ಅಷ್ಟು ಬೇಗ ಮತ್ತೆ ಕಟ್ಟಲು ಸಾಧ್ಯವಾಗುವುದು ಸಣ್ಣದಾಗಿರುವುದರಿಂದಲೇ. ಆರ್ಯಭಟದ ಪ್ರಯೋಗಗಳೂ ವಿದ್ಯುತ್ ದೋಷದಿಂದ ಕೆಲವೇ ದಿನಗಳಲ್ಲಿ ನಿಂತವು, ಆ ಕಾರಣಕ್ಕೆ ಪೀಣ್ಯದವರು ಕೈಕಟ್ಟಿ ಕೂರಲಿಲ್ಲ. ಇಡೀ ಉಪಗ್ರಹ ಕಟ್ಟುವ ಶಕ್ತಿ ಇಲ್ಲದ ಕಾಲೇಜಿಗೂ ದಾರಿಯಿದೆ: ಕೆಲಸ ಮುಗಿಸಿದ ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನೇ ಇಸ್ರೋ ಪ್ರಯೋಗವೇದಿಕೆಯಾಗಿ ಬಿಟ್ಟುಕೊಡುತ್ತಿದೆ. 2019ರ ಏಪ್ರಿಲ್‌ನಲ್ಲಿ ಅದರಲ್ಲೇ ಒಂದು ಅಯಾನುಗೋಳ ಉಪಕರಣ ಹಾರಿತ್ತು.

ಮೊಬೈಲ್ ಸಿಗ್ನಲ್‌ಗಾಗಿ ಇಂದಿಗೂ ಗುಡ್ಡ ಹತ್ತಬೇಕಾದ ಮಲೆನಾಡಿಗೆ ಇದು ದುಬಾರಿ ಹಂಬಲವಲ್ಲವೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಟವರ್ ಬರಲೇಬೇಕು. ಆದರೆ ನಮ್ಮ ನೆಲದ ಲೆಕ್ಕವೆಲ್ಲ ಆಕಾಶದಿಂದಲೇ ನಡೆಯುವ ಕಾಲ ಬಂದಾಗಿದೆ. 2025ರ ಜುಲೈ 30ರಂದು ಹಾರಿದ, ಬೆಂಗಳೂರಿನಲ್ಲಿ ಜೋಡಣೆಯಾದ ನೈಸಾರ್ ರಾಡಾರ್ ಉಪಗ್ರಹ ಮೋಡ ಕವಿದ ಮಳೆಗಾಲದಲ್ಲೂ ಕಾಡು, ಕುಸಿಯುವ ಗುಡ್ಡಗಳನ್ನು ನೋಡಬಲ್ಲದು. ಅದರ ಉದ್ದ ಅಲೆಯ ಎಲ್-ಬ್ಯಾಂಡ್ ಚಿತ್ರಗಳನ್ನು ಇದೇ ಅಯಾನುಗೋಳ ತಿರುಚುತ್ತದೆ, ಆ ತಪ್ಪನ್ನು ಕಳೆಯುವ ಲೆಕ್ಕ ಪ್ರತಿ ಸಲವೂ ಬೇಕು. ಗುಡ್ಡ ಕೆಲವೇ ಸೆಂಟಿಮೀಟರ್ ಜರುಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದಲ್ಲಿ ಈ ಲೆಕ್ಕ ಸಣ್ಣ ವಿಷಯವಲ್ಲ.

ಕಾಲವೂ ಮುಖ್ಯ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಅದು ಗರಿಷ್ಠ ಮಟ್ಟ ಮುಟ್ಟಿದೆಯೆಂದು 2024ರ ಅಕ್ಟೋಬರ್‌ನಲ್ಲಿ ಘೋಷಣೆಯಾಗಿದೆ. ಮುಂದಿನ ಏರು 2030ರ ದಶಕದ ನಡುವಿಗೆ. ಸೂರ್ಯ ಶಾಂತವಾಗಿರುವ ಈ ನಡುವಣ ವರ್ಷಗಳಲ್ಲಿ ಅಳೆದಿಟ್ಟ ಅಂಕಿಗಳಿದ್ದರೆ ಮಾತ್ರ ಆಗಿನ ಏರುಪೇರನ್ನು ಹೋಲಿಸಿ ನೋಡಲಾದೀತು. ಹಾಗಾಗಿ ಮೊದಲ ಶೋಧಕದ ಕೆಲಸ ಈಗ ಪದವಿಗೆ ಸೇರಿರುವ ವಿದ್ಯಾರ್ಥಿಗಳ ಕೈಯಲ್ಲೇ ಶುರುವಾಗಬೇಕು.