ಕ್ಯಾನ್ಸರ್ ತಡೆ: ತಿಳಿಹೇಳುವವರಿಗೂ ಒಬ್ಬ ಗುರು ಬೇಕು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಕ್ಯಾನ್ಸರ್‌ನ ವಿಷಯದಲ್ಲಿ ಇದನ್ನು ಕೊಂಚ ಬದಲಿಸಿ ಹೇಳಬೇಕಾಗುತ್ತದೆ. ಊರಿನಲ್ಲಿ ಮಾತು ಬಲ್ಲವರಿದ್ದರೆ ರೋಗವೂ ಕಡಿಮೆ.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಮೂರು ಕ್ಯಾನ್ಸರ್‌ಗಳು ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿಗೆ ಸಂಬಂಧಿಸಿದವು. ಇವು ಹೇಳದೆ ಕೇಳದೆ ಬರುವ ರೋಗಗಳಲ್ಲ. ಬಾಯಿಯಲ್ಲಿ ಎಷ್ಟೋ ಸಲ ಮೊದಲು ಬಿಳಿಯ ಅಥವಾ ಕೆಂಪು ಮಚ್ಚೆ ಮೂಡುತ್ತದೆ. ಸ್ತನದಲ್ಲಿ ನೋವಿಲ್ಲದ ಗಂಟು ಕೈಗೆ ಸಿಗುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಅಂತೂ ಎಚ್‌ಪಿವಿ ಎಂಬ ವೈರಸ್‌ನ ಸೋಂಕಿನಿಂದ ಮೊದಲಾಗಿ ಪೂರ್ಣ ರೋಗವಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ತೆಗೆದುಕೊಳ್ಳುತ್ತದೆ. ಇಷ್ಟು ಕಾಲಾವಕಾಶವಿದ್ದರೂ ರೋಗಿಗಳು ಕೊನೆಯ ಹಂತದಲ್ಲಿ ಆಸ್ಪತ್ರೆಗೆ ಬರುತ್ತಾರೆಂದರೆ, ಕೊರತೆ ಇರುವುದು ಯಂತ್ರಗಳಲ್ಲಿ ಮಾತ್ರವಲ್ಲ. ಮನೆಬಾಗಿಲಲ್ಲಿ ಆಡುವ ಮಾತಿನಲ್ಲಿಯೂ ಹೌದು.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳನ್ನೇ ನೋಡೋಣ. ಮಳೆಯನ್ನು ನಂಬಿದ ಹೊಲಗಳು, ಒಂದಕ್ಕೊಂದು ದೂರದ ಹಳ್ಳಿಗಳು, ಅಲ್ಲಲ್ಲಿ ತಾಂಡಾಗಳು. ಕ್ಯಾನ್ಸರ್ ಎಂದು ಸಂಶಯ ಬಂದರೆ ಇಲ್ಲಿಯವರು ಬಳ್ಳಾರಿ, ದಾವಣಗೆರೆ ಅಥವಾ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಇಲ್ಲವೇ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕು. ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಸಾಲ ಮಾಡಿ ಹೋಗುವ ಈ ಪ್ರಯಾಣ ಎಷ್ಟು ತಡವಾದರೆ ಅಷ್ಟು ದುಬಾರಿ. ಅದನ್ನು ಬೇಗ ಆರಂಭಿಸುವಂತೆ, ಸಾಧ್ಯವಾದರೆ ಬೇಕಾಗದಂತೆಯೇ ಮಾಡುವ ಹೊಣೆ ಬಿದ್ದಿರುವುದು ಆಶಾ ಕಾರ್ಯಕರ್ತೆ, ಆರೋಗ್ಯ ಸಹಾಯಕಿ ಮತ್ತು ಸಮುದಾಯ ಆರೋಗ್ಯ ಅಧಿಕಾರಿಯ ಮೇಲೆ.

ನಮೂನೆ ತುಂಬುವುದು, ಮನಸ್ಸು ತೆರೆಯುವುದು

ಮೂವತ್ತು ದಾಟಿದ ಎಲ್ಲರನ್ನೂ ಈ ಮೂರು ಕ್ಯಾನ್ಸರ್‌ಗಳಿಗಾಗಿ ತಪಾಸಣೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಗರ್ಭಕೋಶದ ಕೊರಳು ಮತ್ತು ಸ್ತನದ ತಪಾಸಣೆ ಮಹಿಳೆಯರಿಗೆ, ಬಾಯಿಯ ತಪಾಸಣೆ ಎಲ್ಲರಿಗೂ. ಕರ್ನಾಟಕದಲ್ಲಿ 2024ರಲ್ಲಿ ‘ಗೃಹ ಆರೋಗ್ಯ’ ಯೋಜನೆಯೂ ಆರಂಭವಾಯಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಗರ್ಭಕೋಶದ ಕೊರಳಿನ ತಪಾಸಣೆ ಒಮ್ಮೆಯಾದರೂ ಆದವರು ಇಬ್ಬರೂ ಇರಲಿಲ್ಲ. ಸ್ತನ ಮತ್ತು ಬಾಯಿಯ ತಪಾಸಣೆಯಲ್ಲಿ ಆ ಸಂಖ್ಯೆ ಒಂದನ್ನೂ ಮುಟ್ಟಿರಲಿಲ್ಲ.

ಏಕೆ ಹೀಗೆ? ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ನಮೂನೆಯನ್ನು ಒಮ್ಮೆ ಗಮನಿಸಿ. ತಂಬಾಕು ಬಳಸುತ್ತೀರಾ ಎಂಬ ಪ್ರಶ್ನೆ ಅದರಲ್ಲಿದೆ. ಮೂವತ್ತು ವರ್ಷದಿಂದ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಳ್ಳುವ ಅಜ್ಜಿ, ‘ಇಲ್ಲವ್ವಾ, ಅಂಥಾ ಚಟ ನಂಗಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಿಬಿಡಬಹುದು. ಅವಳ ಲೆಕ್ಕದಲ್ಲಿ ತಂಬಾಕೆಂದರೆ ಬೀಡಿ, ಸಿಗರೇಟು. ‘ಎಲೆ ಅಡಿಕೆ ಸಂಗಡ ಏನು ಹಾಕ್ಕೊಂತೀ ಅಜ್ಜಿ?’ ಎಂದು ಕೇಳಿದರೆ ಉತ್ತರವೇ ಬೇರೆ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ್ದನ್ನು ಹೇಳುವ ಸಂದರ್ಭ ಬರುವುದು ಆಗ ಮಾತ್ರ.

ಇನ್ನೊಂದು ಪ್ರಶ್ನೆ ಇನ್ನೂ ಕಷ್ಟದ್ದು. ಗಂಡನೊಡನೆ ಕೂಡಿದ ಮೇಲೆ ರಕ್ತ ಹೋಗುತ್ತದೆಯೇ ಎಂದು ಕೇಳಬೇಕು. ಪಡಸಾಲೆಯಲ್ಲಿ ಅತ್ತೆ ಕುಳಿತಿದ್ದಾಳೆ, ಮೈದುನ ಟಿವಿ ನೋಡುತ್ತಿದ್ದಾನೆ. ಯಾವ ಸೊಸೆ ಉತ್ತರಿಸುತ್ತಾಳೆ? ಕೇಳುವವಳೂ ಅದೇ ಊರಿನ ಸೊಸೆ. ಇಬ್ಬರೂ ನಾಚಿ ‘ಇಲ್ಲ’ ಎಂದು ಗುರುತು ಹಾಕಿಕೊಂಡರೆ ನಮೂನೆ ತುಂಬಿತು, ಕೆಲಸ ಆಗಲಿಲ್ಲ. ನೀರು ತರುವ ನೆಪದಲ್ಲಿ ಹಿತ್ತಲಿಗೆ ಕರೆದು ಕೇಳುವ ಜಾಣ್ಮೆ ಯಾವ ಸುತ್ತೋಲೆಯಲ್ಲಿಯೂ ಬರೆದಿರುವುದಿಲ್ಲ.

ತಾಲ್ಲೂಕು ಕೇಂದ್ರದಲ್ಲಿ ಒಂದು ದಿನದ ತರಬೇತಿ, ಮಧ್ಯಾಹ್ನ ಊಟ, ಸಂಜೆಗೆ ಕರಪತ್ರದ ಕಟ್ಟು. ಇದರಿಂದ ಮಾಹಿತಿ ಸಿಗುತ್ತದೆ, ಮಾತಿನ ಹದ ಸಿಗುವುದಿಲ್ಲ. ಈಜನ್ನು ಕಪ್ಪುಹಲಗೆಯ ಮೇಲೆ ಕಲಿಸಲಾಗುವುದಿಲ್ಲ. ಕಲಿತವರೊಬ್ಬರು ಜೊತೆಗೆ ನೀರಿಗಿಳಿಯಬೇಕು.

ನಮ್ಮ ನೆಲದಲ್ಲಿಯೇ ನಡೆದ ಪ್ರಯೋಗ

ಹೀಗೆ ಜೊತೆಗಿಳಿದು ಕಲಿಸುವ ಕ್ರಮ ಈ ಭಾಗಕ್ಕೆ ಹೊಸದಲ್ಲ. 2012–13ರಲ್ಲಿ ಅಂದಿನ ಬಳ್ಳಾರಿ ಮತ್ತು ಗುಲ್ಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸುಕ್ಷೇಮ’ ಯೋಜನೆಯಡಿ ಒಂದು ಅಧ್ಯಯನ ನಡೆಯಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನೊಳಗಿತ್ತು. ಹರಪನಹಳ್ಳಿ ಮಾತ್ರ ದಾವಣಗೆರೆಗೆ ಸೇರಿತ್ತು. ಅರ್ಧದಷ್ಟು ಕೇಂದ್ರಗಳಿಗೆ ಅನುಭವಿ ದಾದಿಯರು ಮಾರ್ಗದರ್ಶಕರಾಗಿ ಮತ್ತೆ ಮತ್ತೆ ಭೇಟಿ ಕೊಟ್ಟರು. ಹೆರಿಗೆಯ ಕೋಣೆಯಲ್ಲಿಯೇ ನಿಂತು ಅಲ್ಲಿಯ ದಾದಿಯರ ಕೆಲಸ ನೋಡಿದರು, ತಪ್ಪಿದ್ದನ್ನು ತಿದ್ದಿದರು, ಅನುಮಾನಗಳನ್ನು ಬಗೆಹರಿಸಿದರು. ಉಳಿದರ್ಧಕ್ಕೆ ಹೋಲಿಸಿದಾಗ ಈ ಕೇಂದ್ರಗಳಲ್ಲಿ ಸಿಬ್ಬಂದಿಯ ತಿಳಿವಳಿಕೆ ಮತ್ತು ಕೇಂದ್ರದ ಸಿದ್ಧತೆ ಎರಡೂ ಮೇಲಾಗಿದ್ದವು. ಹೆರಿಗೆಗೆ ಒದಗಿದ ಈ ಪಾಠ ಕ್ಯಾನ್ಸರ್ ತಿಳಿವಳಿಕೆಗೆ ಏಕೆ ಒದಗಬಾರದು?

ಹೆಚ್ಚು ಓದದ ಮಹಿಳೆಯರಿಂದ ಇಷ್ಟು ಸೂಕ್ಷ್ಮ ಕೆಲಸ ಆದೀತೇ ಎಂದು ಅನುಮಾನಪಡುವವರಿಗೆ ಮುಂಬೈ ಉತ್ತರ ಕೊಟ್ಟಿದೆ. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಹತ್ತನೆಯ ತರಗತಿ ಓದಿದ ಮಹಿಳೆಯರಿಗೆ ಕೆಲವು ವಾರ ತರಬೇತಿ ಕೊಟ್ಟು, ಕೊಳೆಗೇರಿಗಳಲ್ಲಿ ಗರ್ಭಕೋಶದ ಕೊರಳಿನ ತಪಾಸಣೆಗೆ ಹಚ್ಚಿದರು. ವಿನೆಗರ್‌ನಂಥ ದುರ್ಬಲ ಆಮ್ಲ ಸವರಿ, ಬಿಳಿಯಾಗುವ ಭಾಗವನ್ನು ಗುರುತಿಸುವ ಸರಳ ವಿಧಾನವಿದು. ಈ ರೋಗದಿಂದಾಗುವ ಸಾವು ಅಲ್ಲಿ ಶೇ 31ರಷ್ಟು ಕಡಿಮೆಯಾಯಿತು. ಕೇರಳದ ತಿರುವನಂತಪುರದಲ್ಲಿ ವೈದ್ಯರಲ್ಲದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಸುಮಾರು ಮೂರನೆಯ ಒಂದು ಪಾಲು ಇಳಿಯಿತೆಂದು 2005ರಲ್ಲಿ ವರದಿಯಾಯಿತು.

ಏನು ಮಾಡಬಹುದು?

ಈ ಐದು ತಾಲ್ಲೂಕುಗಳಲ್ಲಿ ಒಂದೊಂದಕ್ಕೂ ಇಬ್ಬರು ಮೂವರು ಮಾರ್ಗದರ್ಶಕರನ್ನು ಆರಿಸಿಕೊಳ್ಳಬೇಕು. ಹಳ್ಳಿ ಸುತ್ತಿ ಅನುಭವವಿರುವ ಹಿರಿಯ ದಾದಿಯರು, ದಂತವೈದ್ಯರು, ನಿವೃತ್ತ ಆರೋಗ್ಯ ಸಹಾಯಕಿಯರು ಈ ಕೆಲಸಕ್ಕೆ ಒದಗುತ್ತಾರೆ. ಅವರು ತಿಂಗಳಿಗೊಮ್ಮೆಯಾದರೂ ಕಾರ್ಯಕರ್ತೆಯ ಜೊತೆ ನಾಲ್ಕು ಮನೆಗೆ ಹೋಗಲಿ. ಮನೆಯವರ ಎದುರು ಬಾಯಿ ಹಾಕದೆ ಕೇಳಿಸಿಕೊಂಡು, ಹೊರಗೆ ಬಂದ ಮೇಲೆ ಮರದ ನೆರಳಿನಲ್ಲಿ ಕುಳಿತು ತಿದ್ದಲಿ. ಲಂಬಾಣಿ ತಾಂಡಾಗಳಿಗೆ ಅವರದೇ ಮಾತು ಬಲ್ಲವರು ಬೇಕು.

ಎರಡನೆಯದಾಗಿ, ಕಾರ್ಯಕರ್ತೆಯರಿಗೇ ಮೊದಲು ತಪಾಸಣೆಯಾಗಲಿ. ‘ನಾನೂ ಮಾಡಿಸಿಕೊಂಡೆ, ನೋವಿಲ್ಲ, ಐದು ನಿಮಿಷದ ಕೆಲಸ’ ಎಂಬ ಒಂದು ಮಾತಿಗೆ ಹತ್ತು ಭಿತ್ತಿಪತ್ರಗಳು ಸಮವಲ್ಲ.

ಮೂರನೆಯದಾಗಿ, ಹೆದರಿಸುವ ಪಾಠ ಬಿಡಬೇಕು. ಕೊಳೆತ ಬಾಯಿಯ ಚಿತ್ರ ನೋಡಿದವರು ಬೀಡಿ ಬಿಡುವುದಕ್ಕಿಂತ, ಮಚ್ಚೆ ಕಂಡಾಗ ಮುಚ್ಚಿಡುವುದೇ ಹೆಚ್ಚಾಗಬಹುದು. ಹೇಳಬೇಕಾದದ್ದು ಮೂರೇ: ಏನನ್ನು ನೋಡಿಕೊಳ್ಳಬೇಕು, ಎಷ್ಟು ದಿನ ಕಾಯಬಹುದು, ಯಾವ ವಾರ ಎಲ್ಲಿಗೆ ಹೋಗಬೇಕು. ಮೈಲಾರದ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕ ಒಂದೇ ಸಾಲಿನದು. ಲಕ್ಷಾಂತರ ಜನ ಅದನ್ನು ಮನೆಗೆ ಒಯ್ದು ವರ್ಷವಿಡೀ ಆಡಿಕೊಳ್ಳುತ್ತಾರೆ. ನಮ್ಮ ಆರೋಗ್ಯ ಸಂದೇಶವೂ ಅಷ್ಟು ಚಿಕ್ಕದಾಗಿರಲಿ, ಆದರೆ ಅರ್ಥ ಮಾತ್ರ ಒಂದೇ ಇರಲಿ.

ವೈದ್ಯರು ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ದೂರದಿಂದಲೂ ಮಾರ್ಗದರ್ಶನ ಸಾಧ್ಯ. ನೋಯ್ಡಾದ ರಾಷ್ಟ್ರೀಯ ಕ್ಯಾನ್ಸರ್ ತಡೆ ಮತ್ತು ಸಂಶೋಧನಾ ಸಂಸ್ಥೆ ‘ಎಕೋ’ ಎಂಬ ಪದ್ಧತಿಯಲ್ಲಿ ಅಂತರ್ಜಾಲದ ಮೂಲಕ ಇಂಥ ಪಾಠ ನಡೆಸಿದೆ. ಅದು ಕನ್ನಡದಲ್ಲಿ, ನಮ್ಮ ಹಳ್ಳಿಯ ಉದಾಹರಣೆಗಳೊಡನೆ ನಡೆದರೆ ಇನ್ನೂ ಉಪಯುಕ್ತ.

ಇಲ್ಲೊಂದು ಎಚ್ಚರಿಕೆ ಬೇಕು. ಮಾರ್ಗದರ್ಶಕರು ಮೇಲ್ವಿಚಾರಕರಾಗಬಾರದು. ಬಂದವರು ದಾಖಲೆ ಪುಸ್ತಕ ಕೇಳಿದ ಕೂಡಲೇ ಕಾರ್ಯಕರ್ತೆ ತನ್ನ ಕಷ್ಟ ಹೇಳುವುದನ್ನು ನಿಲ್ಲಿಸುತ್ತಾಳೆ. ಅವಳ ಹೊರೆಯೂ ನೆನಪಿರಲಿ. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದ ಚಳಿಯಲ್ಲಿ ಕುಳಿತವರು ಇದೇ ಆಶಾ ಕಾರ್ಯಕರ್ತೆಯರು. ಕೆಲಸ ಕಲಿಸುವುದು ಕೂಲಿಗೆ ಬದಲಿಯಲ್ಲ. ಹಾಗೆಯೇ ಅವಳ ಮಾತು ನಂಬಿ ಬಂದ ಹೆಂಗಸಿಗೆ ಆರೋಗ್ಯ ಕೇಂದ್ರದ ಬಾಗಿಲು ತೆರೆದಿರಬೇಕು, ಮುಂದಿನ ಪರೀಕ್ಷೆಯ ದಿನ ಗೊತ್ತಾಗಿರಬೇಕು. ಬರಿಗೈಲಿ ಹಿಂತಿರುಗಿದವಳು ಎರಡನೆಯ ಸಲ ಬರುವುದಿಲ್ಲ, ನೆರೆಯವರನ್ನೂ ಬಿಡುವುದಿಲ್ಲ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಎರಡು ವಾರವಾದರೂ ಮಾಯದ ಬಾಯಿಹುಣ್ಣು, ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ಅಥವಾ ಎರಡು ಮುಟ್ಟಿನ ನಡುವೆ ರಕ್ತಸ್ರಾವ – ಇವುಗಳಲ್ಲಿ ಯಾವುದಿದ್ದರೂ ತೋರಿಸಿಕೊಳ್ಳಿ. ಎಲ್ಲವೂ ಕ್ಯಾನ್ಸರ್ ಅಲ್ಲ, ಆದರೆ ಯಾವುದನ್ನೂ ಮುಚ್ಚಿಡಬಾರದು. ಮುಂದಿನ ಸಲ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ನಿಂತಲ್ಲೇ ಉತ್ತರಿಸಿ ಕಳುಹಿಸಬೇಡಿ. ಒಳಗೆ ಕರೆಯಿರಿ, ಸೊಸೆಯೊಡನೆ ಹತ್ತು ನಿಮಿಷ ಬೇರೆಯಾಗಿ ಕೂತು ಮಾತಾಡಲು ಬಿಡಿ. ಆ ಹತ್ತು ನಿಮಿಷದಲ್ಲಿ ಒಂದು ಜೀವ ಉಳಿಯಬಹುದು.